ಮುಖ ಬದಲಾದರೆ ಒಪ್ಪುವವರು ಕೈ ಬದಲಾದರೆ ಏಕೆ ಮುನಿಯುತ್ತಾರೆ?

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಬ್ರಿಟನ್ನಿನ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿ ‘ಡಾಕ್ಟರ್ ಹೂ’ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದಾಗಲೆಲ್ಲ ಅದರ ಅಭಿಮಾನಿಗಳು ಮುನಿಸಿಕೊಳ್ಳುತ್ತಾರೆ ಎಂದು ಒಂದೇ ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಗಂಗಾವತಿಯಿಂದ ಸಿರುಗುಪ್ಪದವರೆಗೆ ಇಷ್ಟು ಪತ್ರಗಳು ಬಂದಾವೆಂದು ನಾನು ಎಣಿಸಿರಲಿಲ್ಲ. ಅತ್ತೆ ಸೊಸೆಯರ ಧಾರಾವಾಹಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಈ ಬಾರಿ ಇದೊಂದೇ ವಿಷಯವನ್ನು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನೂ ನನ್ನ ತಮ್ಮನೂ ‘ಡಾಕ್ಟರ್ ಹೂ’ ಧಾರಾವಾಹಿಯನ್ನು 2005ರ ಕಂತುಗಳಿಂದ ಹಿಡಿದು ಕ್ರಮವಾಗಿ ನೋಡಿದ್ದೇವೆ. ಅದನ್ನು ಬರೆದು ನಡೆಸುತ್ತಿದ್ದ ರಸೆಲ್ ಟಿ. ಡೇವಿಸ್ ಹೋಗಿ ಸ್ಟೀವನ್ ಮೊಫಟ್ ಬಂದಾಗ, ಮೊಫಟ್ ಹೋಗಿ ಕ್ರಿಸ್ ಚಿಬ್ನಲ್ ಬಂದಾಗ, ಇನ್ನು ಧಾರಾವಾಹಿಯ ಕಥೆ ಮುಗಿಯಿತೆಂದು ಅಭಿಮಾನಿಗಳು ಗೋಳಾಡಿದ್ದನ್ನು ಓದಿದ್ದೇನೆ. 2023ರಲ್ಲಿ ಡೇವಿಸ್ ಮರಳಿದಾಗ ಹಬ್ಬ ಮಾಡಿದವರಲ್ಲಿ ಹಲವರು ಎರಡು ವರ್ಷ ಕಳೆಯುವುದರೊಳಗೆ ಅವರನ್ನೂ ದೂರತೊಡಗಿದರು. ನಾಯಕನ ಪಾತ್ರಕ್ಕೆ ಹೊಸ ನಟ ಬಂದರೆ ಬೇಗನೆ ಒಪ್ಪಿಕೊಳ್ಳುವ ಇವರಿಗೆ, ಬರೆಯುವವರು ಬದಲಾದರೆ ಮಾತ್ರ ಸಹನೆ ಏಕಿಲ್ಲ?
— ಕಾಲೇಜು ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲಿಯೇ ಅರ್ಧ ಉತ್ತರ ಅಡಗಿದೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾದ ಈ ಧಾರಾವಾಹಿಯ ಮೊದಲ ನಾಯಕ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟು ನಟನೆ ಕಷ್ಟವಾದಾಗ, ಡಾಕ್ಟರ್ ಎಂದೇ ಕರೆಯಲಾಗುವ ನಾಯಕನು ಹೇಗೂ ಅನ್ಯಗ್ರಹದವನು, ಸಾಯುವ ಹೊತ್ತಿಗೆ ಅವನ ದೇಹವೇ ಹೊಸದಾಗುತ್ತದೆ ಎಂಬ ಉಪಾಯವನ್ನು ಹೂಡಿ, 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ಅದೇ ಪಾತ್ರಕ್ಕೆ ತರಲಾಯಿತು. ಅಂದಿನಿಂದ ಮುಖ ಬದಲಾಗುವುದು ಕಥೆಯ ಒಳಗಿನ ನಿಯಮವೇ ಆಗಿಬಿಟ್ಟಿತು. ಹಳೆಯ ಡಾಕ್ಟರ್ ಹೋಗುವ ಕಂತಿನಲ್ಲಿ ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಾರೆ, ಅದೇ ಕಂತಿನ ಕೊನೆಯ ನಿಮಿಷದಲ್ಲಿ ಹೊಸಬನು ಕಣ್ಣು ಬಿಡುವುದನ್ನೂ ನೋಡುತ್ತಾರೆ. ಬೀಳ್ಕೊಡುಗೆ, ಸ್ವಾಗತ ಎರಡೂ ಶಾಸ್ತ್ರೋಕ್ತವಾಗಿ ನಡೆಯುತ್ತವೆ. ಆದರೆ ಬರೆಯುವ ಕೈ ಬದಲಾಗುವುದಕ್ಕೆ ಕಥೆಯೊಳಗೆ ಯಾವ ವಿಧಿಯೂ ಇಲ್ಲ. ಅದು ಹೊರಗೆ, ಕಚೇರಿಯ ಒಂದು ಪ್ರಕಟಣೆಯಲ್ಲಿ ನಡೆದುಹೋಗುತ್ತದೆ, ಮತ್ತು ದುಃಖಕ್ಕೆ ಶಾಸ್ತ್ರವಿಲ್ಲದಿದ್ದಾಗ ಅದು ಸಿಟ್ಟಾಗಿ ಹೊರಬೀಳುವುದನ್ನು ನಾವು ಮನೆಗಳಲ್ಲಿಯೂ ಕಂಡಿದ್ದೇವೆ.

ಇನ್ನರ್ಧ ಉತ್ತರ ಹುದ್ದೆಗೆ ಸಂಬಂಧಿಸಿದ್ದು. ನಮ್ಮ ಧಾರಾವಾಹಿಗಳ ಶೀರ್ಷಿಕೆಯಲ್ಲಿ ಪ್ರಧಾನ ನಿರ್ದೇಶಕ, ಸಂಚಿಕೆ ನಿರ್ದೇಶಕ, ಚಿತ್ರಕಥೆ, ಸಂಭಾಷಣೆ ಎಂದು ಹೆಸರುಗಳು ಬೇರೆ ಬೇರೆಯಾಗಿ ಬರುತ್ತವೆ. ‘ಡಾಕ್ಟರ್ ಹೂ’ 1989ರಲ್ಲಿ ನಿಲ್ಲುವವರೆಗೂ ಅಲ್ಲಿ ನಿರ್ಮಾಪಕರು ಬೇರೆ, ಕಥೆಗಳನ್ನು ತಿದ್ದುವ ಸಂಪಾದಕರು ಬೇರೆ ಇದ್ದರು. 2005ರಲ್ಲಿ ಅದು ಮತ್ತೆ ಆರಂಭವಾದಾಗ ಶೋರನ್ನರ್ ಎಂಬ ಪದವಿ ಬಂದಿತು. ಇಡೀ ಸರಣಿಯ ಕಥೆಯನ್ನು ಹೆಣೆಯುವವರು, ಮುಖ್ಯ ಕಂತುಗಳನ್ನು ಸ್ವತಃ ಬರೆಯುವವರು, ನಟರ ಆಯ್ಕೆಯಲ್ಲಿ ಕೊನೆಯ ಮಾತು ಹೇಳುವವರು, ಪತ್ರಿಕೆಗಳಿಗೆ ಸಂದರ್ಶನ ಕೊಡುವವರು ಎಲ್ಲರೂ ಒಬ್ಬರೇ. ಮೆಚ್ಚುಗೆಗೂ ಬೈಗುಳಕ್ಕೂ ಒಂದೇ ವಿಳಾಸ ಸಿಕ್ಕಂತಾಯಿತು.

ಕ್ರಿಸ್ ಚಿಬ್ನಲ್ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. 1986ರಲ್ಲಿ, ಇನ್ನೂ ಹದಿಹರೆಯದ ಹುಡುಗನಾಗಿದ್ದಾಗ, ಅವರು ಬಿಬಿಸಿಯ ಚರ್ಚಾ ಕಾರ್ಯಕ್ರಮವೊಂದಕ್ಕೆ ಅಭಿಮಾನಿಯಾಗಿ ಬಂದು, ಆ ವರ್ಷದ ‘ಡಾಕ್ಟರ್ ಹೂ’ ಕಥೆ ಸವಕಲಾಗಿದೆಯೆಂದು ಅದನ್ನು ಬರೆದವರ ಎದುರಿಗೇ ಆಕ್ಷೇಪಿಸಿದ್ದರು. ಮೂವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಧಾರಾವಾಹಿಯ ಸಾರಥ್ಯಕ್ಕೆ ಅವರ ಹೆಸರು ಪ್ರಕಟವಾಯಿತು. 2018ರಿಂದ ಅವರ ಕಂತುಗಳು ಬಂದವು. ಹುಡುಗನಾಗಿದ್ದಾಗ ತಾವು ಆಡಿದ ಮಾತುಗಳನ್ನೇ ಇತರರ ಬಾಯಿಂದ ಅವರು ಕೇಳಬೇಕಾಯಿತು. ಡೇವಿಸ್, ಮೊಫಟ್ ಕೂಡ ಬಾಲ್ಯದಿಂದ ಅಭಿಮಾನಿಗಳೇ. ಆದ್ದರಿಂದ ಇದನ್ನು ಅಭಿಮಾನಿಗಳಿಗೂ ಅಧಿಕಾರಸ್ಥರಿಗೂ ನಡೆಯುವ ಜಗಳವೆಂದು ನಾನು ಎಣಿಸುವುದಿಲ್ಲ. ಕುರ್ಚಿಯಲ್ಲಿ ಕುಳಿತ ಅಭಿಮಾನಿಗೂ ಚಾಪೆಯ ಮೇಲೆ ಕುಳಿತ ಅಭಿಮಾನಿಗೂ ನಡೆಯುವ ಜಗಳವಿದು, ದಾಯಾದಿಗಳ ಜಗಳದಂತೆಯೇ ಬಿರುಸಾದದ್ದು.

ಚಿಬ್ನಲ್ ಅವರ ಮೇಲೆ ಬಂದ ಟೀಕೆಗಳಲ್ಲಿ ಎರಡು ಬಗೆಯವನ್ನು ಬೇರ್ಪಡಿಸಬೇಕು. ಜೋಡಿ ವಿಟ್ಟೇಕರ್ ಮೊದಲ ಮಹಿಳಾ ಡಾಕ್ಟರ್ ಆಗುತ್ತಾರೆಂದು 2017ರ ಜುಲೈನಲ್ಲಿ ತಿಳಿದಾಗ, ಒಂದು ಕಂತೂ ಪ್ರಸಾರವಾಗುವ ಮೊದಲೇ ಎದ್ದ ಕೂಗು ಟೀಕೆಯೇ ಅಲ್ಲ, ಅದಕ್ಕೆ ಉತ್ತರವನ್ನೂ ಕೊಡಬೇಕಾಗಿಲ್ಲ. ಆದರೆ 2020ರ ಮಾರ್ಚ್ 1ರ ಕಂತಿನಲ್ಲಿ, ನಾವು ಮೊದಲನೆಯವನೆಂದು ತಿಳಿದಿದ್ದ ಡಾಕ್ಟರ್‌ಗೂ ಹಿಂದೆ ಎಷ್ಟೋ ಮರೆತುಹೋದ ಜನ್ಮಗಳಿದ್ದವು, ಆತ ತನ್ನ ತವರೆಂದುಕೊಂಡ ಗ್ರಹದವನೇ ಅಲ್ಲ ಎಂದು ಅವರು ಬರೆದಾಗ ಎದ್ದ ಆಕ್ಷೇಪಕ್ಕೆ ತೂಕವಿತ್ತು. ಅವರದೇ ಮೊದಲ ಸರಣಿಯಲ್ಲಿ, ವಿನಯ್ ಪಟೇಲ್ ಬರೆದ, 1947ರ ದೇಶವಿಭಜನೆಯ ದಿನಗಳ ಪಂಜಾಬಿನಲ್ಲಿ ನಡೆಯುವ ಕಂತು ಬಂದಿದ್ದನ್ನು ನೀವು ನೋಡಿಯೇ ಇರುತ್ತೀರಿ. ಹಳೆಯ ರಾಕ್ಷಸರನ್ನೆಲ್ಲ ಬದಿಗಿಟ್ಟು ಅಂಥ ಕಥೆಗಳಿಗೆ ಬಾಗಿಲು ತೆರೆದವರೂ ಇದೇ ಚಿಬ್ನಲ್. ಇದನ್ನು ನೆನೆಯದೆ ಅದನ್ನು ಮಾತ್ರ ಆಡುವುದು ನ್ಯಾಯವಲ್ಲವೆಂದು ನನಗನ್ನಿಸುತ್ತದೆ.

ಮರಳಿ ಬಂದ ಡೇವಿಸ್ ಅವರ ವಿಷಯ ಬೇರೆ. 2005ರಲ್ಲಿ ಅವರು ಬಂದದ್ದು ಖಾಲಿ ಮನೆಗೆ. ಹದಿನಾರು ವರ್ಷಗಳಲ್ಲಿ 1996ರ ಒಂದು ದೂರದರ್ಶನ ಚಿತ್ರದ ಹೊರತು ಹೊಸದೇನೂ ಬಂದಿರಲಿಲ್ಲ. 2023ರಲ್ಲಿ ಬಂದದ್ದು ತುಂಬಿದ ಮನೆಗೆ, ಅದೂ ಡಿಸ್ನಿ ಪ್ಲಸ್‌ನಂಥ ದೊಡ್ಡ ಪಾಲುದಾರರೊಂದಿಗೆ. ಆ ಪಾಲುದಾರಿಕೆ ಮುಂದುವರಿಯುವುದಿಲ್ಲವೆಂದು 2025ರ ಅಕ್ಟೋಬರ್‌ನಲ್ಲಿ ಬಿಬಿಸಿ ಪ್ರಕಟಿಸಿತು. ಅಭಿಮಾನಿಗಳು ಕರೆದದ್ದು ತಮ್ಮ 2005ನ್ನು, ಬಂದದ್ದು ಅದೇ ಹೆಸರಿನ, ಹದಿನೆಂಟು ವರ್ಷ ದೊಡ್ಡವರಾದ ಬರಹಗಾರರು.

ಪ್ರಶ್ನೆ: ನಾನು ಉಷ್ಣ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಮೇಲ್ವಿಚಾರಕನಾಗಿದ್ದು ನಿವೃತ್ತನಾದವನು. ಘಟಕ ನಿಂತರೆ ಆ ಪಾಳಿಯ ಮೇಲ್ವಿಚಾರಕನೇ ಉತ್ತರ ಹೇಳಬೇಕು, ಅದು ನಮ್ಮಲ್ಲಿಯ ರೂಢಿ. ಅಂತರಿಕ್ಷ ಹಡಗಿನ ಕಥೆಯಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಮೂರನೆಯ ಸರಣಿಯನ್ನು ಹಾಳು ಮಾಡಿದವರು ಅದರ ನಿರ್ಮಾಪಕ ಫ್ರೆಡ್ ಫ್ರೈಬರ್ಗರ್ ಎಂದು ಎಲ್ಲರೂ ಬರೆಯುತ್ತಾರೆ. ಮುಖ್ಯಸ್ಥರನ್ನು ಬೈಯುವುದರಲ್ಲಿ ತಪ್ಪೇನಿದೆ?
— ನಿವೃತ್ತ ನೌಕರರು, ರಾಯಚೂರು

ಉತ್ತರ: ತಾವು ಅನುಭವಸ್ಥರು, ಆದ್ದರಿಂದ ತಮ್ಮ ಹೋಲಿಕೆಯನ್ನೇ ಹಿಡಿದು ಉತ್ತರಿಸುತ್ತೇನೆ. ಮಳೆಗಾಲದಲ್ಲಿ ನೆನೆದ ಕಲ್ಲಿದ್ದಲು ಬಂದು ಬಂಕರಿನಲ್ಲಿ ಅಂಟಿಕೊಂಡಾಗ, ಹಿಂದಿನ ಪಾಳಿಯವರು ಇಬ್ಬರನ್ನು ಕಡಿಮೆ ಬಿಟ್ಟುಹೋದಾಗ, ಮೇಲಿನಿಂದ ಲೋಡು ಇಳಿಸಬೇಡಿ ಎಂದು ಫೋನು ಬಂದಾಗ, ಆ ಪಾಳಿಯನ್ನು ವಹಿಸಿಕೊಂಡವರಿಗೆ ಉತ್ತರ ಹೇಳುವ ಹೊಣೆ ಇರುತ್ತದೆ ನಿಜ. ಆದರೆ ಲಾಗ್ ಪುಸ್ತಕದಲ್ಲಿ ಅವರು ಮೊದಲು ಬರೆಯುವುದು, ಪಾಳಿ ವಹಿಸಿಕೊಂಡಾಗ ಯಂತ್ರಗಳ ಸ್ಥಿತಿ ಹೇಗಿತ್ತು ಎಂಬುದನ್ನಲ್ಲವೇ? ಫ್ರೈಬರ್ಗರ್ ಅವರ ಲಾಗ್ ಪುಸ್ತಕವನ್ನು ಹಾಗೆ ಓದಿ ನೋಡೋಣ.

‘ಸ್ಟಾರ್ ಟ್ರೆಕ್’ 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಯಿತು. ಎರಡನೆಯ ವರ್ಷಕ್ಕೇ ಅದು ನಿಲ್ಲುವ ಸುದ್ದಿ ಹಬ್ಬಿದಾಗ, ಬಿಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ದಂಪತಿಗಳು ಮುಂದೆ ನಿಂತು ನಡೆಸಿದ ಪತ್ರ ಚಳವಳಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪತ್ರಗಳು ಕಚೇರಿಗೆ ಬಂದು ಬಿದ್ದವು. 1968ರ ಜನವರಿಯಲ್ಲಿ ಕ್ಯಾಲ್‌ಟೆಕ್ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು ಎನ್‌ಬಿಸಿಯ ಬರ್ಬ್ಯಾಂಕ್ ಸ್ಟುಡಿಯೋಗೆ ಮೆರವಣಿಗೆ ಹೋದರು. ಕೊನೆಗೆ ಮಾರ್ಚ್ 1ರಂದು, ಧಾರಾವಾಹಿ ಮುಂದುವರಿಯುತ್ತದೆ ಎಂದು ಪರದೆಯ ಮೇಲೆಯೇ ಸಾರಬೇಕಾಯಿತು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಕಥೆ.

ಮುಂದಿನದು ಅಷ್ಟಾಗಿ ಯಾರೂ ಹೇಳದ ಕಥೆ. ಸೋಮವಾರ ಸಂಜೆ ಏಳೂವರೆಯ ಒಳ್ಳೆಯ ಹೊತ್ತು ಸಿಗುವುದಾದರೆ ದಿನನಿತ್ಯದ ಕೆಲಸವನ್ನು ತಾವೇ ನೋಡಿಕೊಳ್ಳುವುದಾಗಿ ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿ ಮಾತು ಕೊಟ್ಟಿದ್ದರು. ಸಿಕ್ಕದ್ದು ಶುಕ್ರವಾರ ರಾತ್ರಿ ಹತ್ತು ಗಂಟೆ. ಯುವಕರು, ವಿದ್ಯಾರ್ಥಿಗಳು, ಅಂದರೆ ಇದನ್ನು ನೋಡುವವರೇ, ಮನೆಯಲ್ಲಿ ಇಲ್ಲದ ಹೊತ್ತು. ರಾಡೆನ್‌ಬೆರಿ ಹೆಸರನ್ನು ಮಾತ್ರ ಉಳಿಸಿ ಹಿಂದೆ ಸರಿದರು. ಧಾರಾವಾಹಿಗೆ ಅದರ ಹದವನ್ನು ತಂದುಕೊಟ್ಟಿದ್ದ ನಿರ್ಮಾಪಕ ಜೀನ್ ಕೂನ್ ಎರಡನೆಯ ಸರಣಿಯ ನಡುವೆಯೇ ಬಿಟ್ಟಿದ್ದರು. ಕಥಾ ಸಂಪಾದಕಿ ಡಿ. ಸಿ. ಫಾಂಟಾನಾ ಅವರೂ ಮೂರನೆಯ ಸರಣಿಗೆ ಮೊದಲೇ ಆ ಹುದ್ದೆಯಿಂದ ಹೊರನಡೆದಿದ್ದರು. ಹಣವನ್ನೂ ಕಡಿತ ಮಾಡಲಾಗಿತ್ತು. ಅಡುಗೆಯವರು ಹೋದ, ಒಲೆ ಆರಿದ ಮನೆಗೆ ಫ್ರೈಬರ್ಗರ್ ಕಾಲಿಟ್ಟರು, ಊಟ ಸಪ್ಪೆಯಾಯಿತೆಂದು ಅವರ ಹೆಸರು ಕೆಟ್ಟಿತು.

ಇದರಲ್ಲೊಂದು ವಿನೋದವೂ ಇದೆ. 1968ರ ಸೆಪ್ಟೆಂಬರ್ 20ರಂದು ಮೂರನೆಯ ಸರಣಿಯನ್ನು ಆರಂಭಿಸಿದ, ಹಡಗಿನ ಅಧಿಕಾರಿ ಸ್ಪಾಕ್‌ನ ಮಿದುಳನ್ನೇ ಕದ್ದೊಯ್ಯುವ ಕಂತು ಇಂದಿಗೂ ನಗೆಪಾಟಲಾಗಿದೆ. ಹೊಸ ನಿರ್ಮಾಪಕರ ಅರಸಿಕತೆಗೆ ಅದನ್ನೇ ಸಾಕ್ಷಿಯಾಗಿ ಎಳೆದು ತರುತ್ತಾರೆ. ಅದನ್ನು ಬರೆದವರ ಹೆಸರು ಪರದೆಯ ಮೇಲೆ ಲೀ ಕ್ರೋನಿನ್ ಎಂದಿದೆ. ಆ ಹೆಸರಿನ ಹಿಂದೆ ಇದ್ದವರು ಬೇರಾರೂ ಅಲ್ಲ, ಅಭಿಮಾನಿಗಳು ಇಂದಿಗೂ ಕೈ ಮುಗಿಯುವ ಜೀನ್ ಕೂನ್ ಅವರೇ.

ಹಾಗೆಂದು ಫ್ರೈಬರ್ಗರ್ ಅವರಿಗೆ ಪೂರ್ತಿ ಖುಲಾಸೆ ಕೊಡಲು ನಾನು ಸಿದ್ಧನಿಲ್ಲ. 1976ರಲ್ಲಿ ಬ್ರಿಟನ್ನಿನ ‘ಸ್ಪೇಸ್: 1999’ ಧಾರಾವಾಹಿಯ ಎರಡನೆಯ ಸರಣಿ ಅವರ ಕೈಗೆ ಬಂದಾಗ, ಪ್ರೇಕ್ಷಕರಿಗೆ ಪ್ರಿಯರಾಗಿದ್ದ ವೃದ್ಧ ಪ್ರಾಧ್ಯಾಪಕರ ಪಾತ್ರವನ್ನು ಕಾರಣ ಹೇಳದೆ ಕೈಬಿಟ್ಟು, ಬೇಕಾದ ರೂಪ ತಾಳುವ ಅನ್ಯಗ್ರಹದ ಹೆಣ್ಣೊಬ್ಬಳನ್ನು ತಂದು, ಧ್ಯಾನದಂತೆ ಸಾಗುತ್ತಿದ್ದ ಕಥೆಗೆ ಹೊಡೆದಾಟದ ವೇಗ ಕೊಟ್ಟರು. ಅಲ್ಲಿಯೂ ಅಭಿಮಾನಿಗಳು ಮುನಿದರು, ಆ ಸರಣಿಯೊಂದಿಗೆ ಧಾರಾವಾಹಿಯೂ ಮುಗಿಯಿತು. ಅಲ್ಲಿ ಕಲ್ಲಿದ್ದಲು ಅಷ್ಟೇನೂ ನೆನೆದಿರಲಿಲ್ಲವೆಂದು ತಾವು ವಾದಿಸಿದರೆ ನಾನು ತಲೆದೂಗುತ್ತೇನೆ.

ಪ್ರಶ್ನೆ: ನಮ್ಮೂರಿನ ದೊಡ್ಡಾಟದ ಮೇಳದಲ್ಲಿ ಹಳೆಯ ಮಾಸ್ತರರು ತೀರಿಕೊಂಡು ಹೊಸಬರು ತಾಲೀಮು ಕೊಡತೊಡಗಿದಾಗ, ‘ಮಾಸ್ತರ ಹೋದ, ಆಟದ ಸೊಗಸೂ ಹೋತು’ ಎಂದು ಹಿರಿಯರು ಅಟ್ಟದ ಮುಂದೆ ಕುಳಿತೇ ಅನ್ನುತ್ತಿದ್ದರು. ಆದರೂ ಬೆಳಗಾಗುವವರೆಗೆ ಕುಳಿತು ನೋಡುತ್ತಿದ್ದರು. ಪರದೇಶದ ಅಭಿಮಾನಿಗಳು ನಮಗಿಂತ ಬೇರೆಯೇ?
— ಕಲಾಸಕ್ತರು, ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ಮನುಷ್ಯರು ಬೇರೆಯಲ್ಲ ಸ್ವಾಮಿ, ಕಥೆ ಬೇರೆ. ನಿಮ್ಮ ಮಾಸ್ತರರು ಬದಲಾದರೆ ಹಾಡಿನ ಧಾಟಿ ಬದಲಾಗಬಹುದು, ಕುಣಿತದ ಹೆಜ್ಜೆ ಸಡಿಲವಾಗಬಹುದು, ವಚನ ಹೇಳುವ ಗತ್ತು ಕುಗ್ಗಬಹುದು. ಆದರೆ ದುರ್ಯೋಧನನ ತೊಡೆ ಮುರಿಯುವವನು ಭೀಮನೇ. ಯಾವ ಹೊಸ ಮಾಸ್ತರರೂ ಅದನ್ನು ಅರ್ಜುನನಿಗೆ ವಹಿಸಲಾರರು. ಕಥೆ ಊರಿನ ಸೊತ್ತು, ಮಾಸ್ತರರು ಅದರ ಪೂಜಾರಿ ಮಾತ್ರ. ಅದಕ್ಕೇ ಗೊಣಗುತ್ತಲೇ ಬೆಳಗಿನವರೆಗೆ ಕೂಡಲು ಸಾಧ್ಯವಾಗುತ್ತದೆ.

ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿಗೆ ಅಂಥ ಪುರಾಣದ ಬೆನ್ನೆಲುಬಿಲ್ಲ. ಅದರ ಲೋಕ, ಅಲ್ಲಿಯ ಗ್ರಹಗಳ ಹೆಸರು, ಯಂತ್ರ ಏನು ಮಾಡಬಲ್ಲದು ಏನು ಮಾಡಲಾರದು ಎಂಬ ಕಟ್ಟಳೆ, ಎಲ್ಲವೂ ಯಾರದೋ ಒಬ್ಬರ ತಲೆಯಲ್ಲಿ ಹುಟ್ಟಿದ್ದು. ಹೊಸಬರು ಬಂದರೆ ಮುಂದಿನ ಕಥೆಯನ್ನಷ್ಟೇ ಅಲ್ಲ, ಹಿಂದೆ ನಡೆದದ್ದನ್ನೂ ಬೇರೆಯೆಂದು ಹೇಳಬಲ್ಲರು. ಚಿಬ್ನಲ್ ಅವರ 2020ರ ಕಂತಿನ ವಿಷಯದಲ್ಲಿ ಅಭಿಮಾನಿಗಳ ಎದೆ ಒಡೆದದ್ದು ಇದೇ ಕಾರಣಕ್ಕೆ. ಮನೆಯ ಯಜಮಾನಿಕೆ ಬದಲಾದರೆ ಸಹಿಸಬಹುದು, ಹೊಸ ಯಜಮಾನರು ಬಂದ ದಿನವೇ ನಿಮ್ಮ ಅಜ್ಜ ನಿಮ್ಮ ಅಜ್ಜನೇ ಅಲ್ಲವೆಂದು ಹೇಳಿದರೆ?

1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು 2003ರಲ್ಲಿ ರೊನಾಲ್ಡ್ ಡಿ. ಮೂರ್ ಹೊಸದಾಗಿ ಕಟ್ಟಿದಾಗ ಆದದ್ದೂ ಹೀಗೆಯೇ. ಹಳೆಯ ನಾಯಕರಲ್ಲೊಬ್ಬನಾದ ಸ್ಟಾರ್‌ಬಕ್ ಹೊಸದರಲ್ಲಿ ಹೆಣ್ಣಾದಳು, ಹಗುರವಾಗಿದ್ದ ಕಥೆ ಕಪ್ಪಿಟ್ಟಿತು. ಹಳೆಯ ಧಾರಾವಾಹಿಯ ನಾಯಕನಟ ರಿಚರ್ಡ್ ಹ್ಯಾಚ್, ಅದನ್ನೇ ಮುಂದುವರಿಸಬೇಕೆಂದು ವರ್ಷಗಟ್ಟಲೆ ಓಡಾಡಿದ್ದವರು, ಮೊದಲು ಇದನ್ನು ವಿರೋಧಿಸಿದರು. ಆಮೇಲೆ ಅದೇ ಹೊಸ ಧಾರಾವಾಹಿಯಲ್ಲಿ ಬೇರೆಯೇ ಪಾತ್ರವೊಂದನ್ನು ಒಪ್ಪಿಕೊಂಡು ಚೆನ್ನಾಗಿ ನಟಿಸಿದರು. ಅಟ್ಟದ ಮುಂದೆ ಗೊಣಗುತ್ತಿದ್ದ ನಿಮ್ಮೂರಿನ ಹಿರಿಯರೊಬ್ಬರು ಕೊನೆಗೆ ತಾವೇ ಗೆಜ್ಜೆ ಕಟ್ಟಿದಂತೆ.

ಪ್ರಶ್ನೆ: ಪತ್ರ ಬರೆದರೆ, ಸಹಿ ಸಂಗ್ರಹಿಸಿದರೆ ಮುಖ್ಯಸ್ಥರನ್ನು ಬದಲಿಸಲು ಆಗುತ್ತದೆಯೇ?
— ಓದುಗರು, ಸಿಂಧನೂರು

ಉತ್ತರ: ಧಾರಾವಾಹಿಯನ್ನು ಉಳಿಸಿಕೊಳ್ಳಲು ಆಗಿದೆ, ಮುಖ್ಯಸ್ಥರನ್ನು ಬದಲಿಸಲು ಆದದ್ದು ಕಡಿಮೆ. 2018ರ ಮೇ ತಿಂಗಳಲ್ಲಿ ‘ದಿ ಎಕ್ಸ್‌ಪ್ಯಾನ್ಸ್’ ಧಾರಾವಾಹಿಯನ್ನು ಸೈಫೈ ವಾಹಿನಿ ಮೂರನೆಯ ಸರಣಿಗೇ ಕೈಬಿಟ್ಟಾಗ, ಅಭಿಮಾನಿಗಳು ಅಮೆಜಾನ್ ಸ್ಟುಡಿಯೋದ ಮೇಲೆ ವಿಮಾನಕ್ಕೆ ಬ್ಯಾನರ್ ಕಟ್ಟಿ ಹಾರಿಸಿದರು. ಅದೇ ತಿಂಗಳು ಅಮೆಜಾನ್ ಅದನ್ನು ಎತ್ತಿಕೊಂಡಿತು. ಅಲ್ಲಿ ಬೇಡಿಕೆ ಸಾರಥಿ ಬದಲಾಗಲಿ ಎಂದಿರಲಿಲ್ಲ, ನರೇನ್ ಶಂಕರ್ ಅವರೇ ಮುಂದುವರಿದರು.

ಬದಲಾವಣೆಯನ್ನು ತಂದ ದೂರುಗಳು ಕೆಲವೊಮ್ಮೆ ಅಭಿಮಾನಿಗಳಲ್ಲದವರಿಂದ ಬಂದಿವೆ. 1974ರಿಂದ ‘ಡಾಕ್ಟರ್ ಹೂ’ ನಿರ್ಮಿಸುತ್ತಿದ್ದ ಫಿಲಿಪ್ ಹಿಂಚ್‌ಕ್ಲಿಫ್ ಅವರ ಕಾಲದ ಕಂತುಗಳಲ್ಲಿ ಹಿಂಸೆ ಹೆಚ್ಚೆಂದು, ಪ್ರಸಾರದಲ್ಲಿ ಸಭ್ಯತೆ ಕಾಪಾಡುವ ಚಳವಳಿ ನಡೆಸುತ್ತಿದ್ದ ಮೇರಿ ವೈಟ್‌ಹೌಸ್ ದೂರುತ್ತಲೇ ಇದ್ದರು. 1976ರಲ್ಲಿ ಡಾಕ್ಟರ್‌ನನ್ನು ನೀರಿನಲ್ಲಿ ಮುಳುಗಿಸುವ ದೃಶ್ಯದಲ್ಲಿ ಕಂತು ನಿಂತಾಗ ಆ ದೂರು ಬಲವಾಯಿತು. ಮರುವರ್ಷ ಹಿಂಚ್‌ಕ್ಲಿಫ್ ಅವರನ್ನು ಒಂದು ಪೊಲೀಸ್ ಧಾರಾವಾಹಿಗೆ ಕಳಿಸಿ, ಅದನ್ನು ರೂಪಿಸುತ್ತಿದ್ದ ಗ್ರಹಾಂ ವಿಲಿಯಮ್ಸ್ ಅವರನ್ನು ಇಲ್ಲಿಗೆ ತಂದರು, ಭಯ ಕಡಿಮೆ ಮಾಡಿ ಎಂಬ ಆಜ್ಞೆಯೊಂದಿಗೆ. ಅದರ ಬದಲಿಗೆ ಹಾಸ್ಯ ಹೆಚ್ಚಾದಾಗ ಅಭಿಮಾನಿಗಳು ಬೈದದ್ದು ಆಜ್ಞೆ ಕೊಟ್ಟವರನ್ನಲ್ಲ, ವಿಲಿಯಮ್ಸ್ ಅವರನ್ನು. ನನ್ನ ಸ್ವಂತ ಮೆಚ್ಚಿಕೆ ಹಿಂಚ್‌ಕ್ಲಿಫ್ ಅವರ ಆ ಮೂರು ವರ್ಷಗಳಿಗೇ, ಅದನ್ನು ಮುಚ್ಚಿಡುವುದಿಲ್ಲ.

ಪ್ರಶ್ನೆ: ನಮ್ಮ ತಂದೆಯವರು ಎಂಬತ್ತರ ದಶಕದಲ್ಲಿ, ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದಾಗ, ನೆರೆಮನೆಯ ಟಿವಿಯಲ್ಲಿ ದೂರದರ್ಶನದ ‘ಸ್ಟಾರ್ ಟ್ರೆಕ್’ ನೋಡಿ ಬೆಳೆದವರು. ಅದರ ನಂತರದ ಯಾವುದನ್ನೂ ಅವರು ಒಪ್ಪುವುದಿಲ್ಲ. ನಾಯಕ ಕರ್ಕ್ ಇಲ್ಲದ ಹಡಗು ಹಡಗೇ ಅಲ್ಲ, ರಾಡೆನ್‌ಬೆರಿ ಕೈ ಬಿಟ್ಟದ್ದೆಲ್ಲ ನೀರಸ ಎನ್ನುತ್ತಾರೆ. ಅವರಿಗೆ ಅದರ ಮುಂದಿನ ತಲೆಮಾರಿನ ಧಾರಾವಾಹಿ ‘ನೆಕ್ಸ್ಟ್ ಜನರೇಷನ್’ ತೋರಿಸಬೇಕೆಂಬುದು ನನ್ನ ಆಸೆ.
— ಓದುಗರು, ಕೊಪ್ಪಳ

ಉತ್ತರ: ತಂದೆಯವರಿಗೆ ಮೊದಲು ಒಂದು ಮಾತು ತಿಳಿಸಿ. 1987ರಲ್ಲಿ ಆರಂಭವಾದ ‘ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಅತ್ಯಂತ ದುರ್ಬಲವಾದ ಮೊದಲೆರಡು ಸರಣಿಗಳು ಬಂದದ್ದು ರಾಡೆನ್‌ಬೆರಿ ಅವರ ಕೈಕೆಳಗೇ. ಪಾತ್ರಗಳ ನಡುವೆ ಜಗಳವೇ ಇರಕೂಡದೆಂದು ಅವರು ಹಿಡಿದ ಪಟ್ಟಿನಿಂದಾಗಿ ಬರಹಗಾರರು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದರು, ಅದರ ಮೇಲೆ 1988ರ ಬರಹಗಾರರ ಮುಷ್ಕರವೂ ಬಂದಿತು. ಮೂರನೆಯ ಸರಣಿಗೆ, 1989ರಲ್ಲಿ, ಮೈಕೆಲ್ ಪಿಲ್ಲರ್ ಬಂದು ಬರವಣಿಗೆಯ ಕೋಣೆಯನ್ನು ವಹಿಸಿಕೊಂಡ ಮೇಲೆಯೇ ಅದು ಚಿಗುರಿದ್ದು. ಅವರು ಹೊರಗಿನ ಅಪರಿಚಿತರು ಕಳಿಸಿದ ಕಥೆಗಳನ್ನೂ ಓದಿಸುತ್ತಿದ್ದರು; ಮೇಲೆ ಹೇಳಿದ ರೊನಾಲ್ಡ್ ಡಿ. ಮೂರ್ ಎಂಬ ಅಭಿಮಾನಿ ಒಳಗೆ ಬಂದದ್ದು ಆ ಬಾಗಿಲಿನಿಂದಲೇ.

ಆದರೆ ಇದನ್ನೆಲ್ಲ ವಾದ ಮಾಡಿ ಹೇಳಬೇಡಿ, ಹಿರಿಯರು ವಾದಕ್ಕೆ ಸೋಲುವುದಿಲ್ಲ. ಮೊದಲ ಸರಣಿಯಿಂದಲೂ ಆರಂಭಿಸಬೇಡಿ. 1992ರ, ಆರನೆಯ ಸರಣಿಯ ಒಂದು ಕಂತಿನಲ್ಲಿ ಹಳೆಯ ಹಡಗಿನ ಎಂಜಿನಿಯರ್ ಸ್ಕಾಟಿ ಹೊಸ ಹಡಗಿಗೆ ಬರುತ್ತಾನೆ. ಹೊಸಬರ ಯಂತ್ರಗಳ ನಡುವೆ ತನಗೆ ಕೆಲಸವಿಲ್ಲವೆಂದು ಬೇಸರವಾಗಿ, ತನ್ನ ಹಳೆಯ ಹಡಗಿನ ಕೋಣೆಯನ್ನು ತೋರಿಸೆಂದು ಕಂಪ್ಯೂಟರನ್ನು ಕೇಳುತ್ತಾನೆ, ಬಾಗಿಲು ತೆರೆದರೆ ನಿಮ್ಮ ತಂದೆಯವರು ನೆರೆಮನೆಯಲ್ಲಿ ಕುಳಿತು ನೋಡಿದ ಅದೇ ಕೋಣೆ ಎದುರಿಗೆ ನಿಂತಿರುತ್ತದೆ. ಅದನ್ನು ಬರೆದವರು ಮೂರ್. ಆ ದೃಶ್ಯಕ್ಕೆ ಬೇಕಾದ ಹಳೆಯ ಮಾದರಿಯ ನಾಯಕನ ಕುರ್ಚಿಯನ್ನು ಸ್ಟುಡಿಯೋದವರು ತಂದದ್ದು, ಅದನ್ನು ತಯಾರಿಸಿಟ್ಟುಕೊಂಡಿದ್ದ ಅಭಿಮಾನಿಯೊಬ್ಬರಿಂದ. ಆ ಕಂತು ಮುಗಿದ ಮೇಲೆ ಅವರು ಟಿವಿ ಆರಿಸಲು ಹೇಳಿದರೋ, ಮುಂದಿನದನ್ನು ಹಾಕಲು ಹೇಳಿದರೋ, ನನಗೊಂದು ಕಾರ್ಡು ಬರೆದು ತಿಳಿಸಿ.